ಮನೆ ಪ್ರಶ್ನೋತ್ತರ: ಬೇಸ್‌ಮೆಂಟಿಗೊಂದು ಸಿಂಕು, ಪಕ್ಕದಲ್ಲೊಂದು ಒಲೆ

ಅಮೆರಿಕ, ಕೆನಡಾದಲ್ಲಿರುವ ಓದುಗರು ಬೇಸ್‌ಮೆಂಟಿನಲ್ಲಿ ವೆಟ್ ಬಾರ್ (ಸಿಂಕ್ ಇರುವ ಪುಟ್ಟ ಕೌಂಟರ್) ಅಥವಾ ಪುಟ್ಟ ಅಡುಗೆಮನೆ ಮಾಡಿಸುವ ಬಗ್ಗೆ ಕಳಿಸಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇಲ್ಲಿರುವ ಅಳತೆಗಳು ಅಲ್ಲಿನ ಮಾದರಿ ಕೋಡ್‌ಗಳವು, ಅಂದರೆ ಕಟ್ಟಡ ನಿಯಮಗಳವು. ನಿಮ್ಮ ಊರಿನವರು ಅದನ್ನು ತಿದ್ದಿಕೊಂಡಿದ್ದರೆ ಆ ತಿದ್ದುಪಡಿಯೇ ಅಂತಿಮ.

ಪ್ರಶ್ನೆ: ನಮ್ಮ ಬೇಸ್‌ಮೆಂಟ್ ಪೂರ್ತಿ ಫಿನಿಶ್ ಆಗಿದೆ. ಒಂದು ಮೂಲೆಯಲ್ಲಿ ಬಾತ್‌ರೂಮ್ ಇದೆ. ಅದರ ಎದುರು ಗೋಡೆಗೆ, ಟಿವಿ ಪಕ್ಕ, ವೆಟ್ ಬಾರ್ ಬೇಕು. ಒಬ್ಬ ಕಂಟ್ರಾಕ್ಟರ್ ನೆಲದ ಕಾಂಕ್ರೀಟ್ ಒಡೆಯಲೇಬೇಕು ಅನ್ನುತ್ತಾರೆ. ಇನ್ನೊಬ್ಬರು ಸಿಂಕ್ ಕೆಳಗೆ ಪಂಪ್ ಇಟ್ಟರೆ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಬೇಕು? – ನೇಪರ್‌ವಿಲ್, ಇಲಿನಾಯ್

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಹೇಳದ ಮೂರನೆಯ ದಾರಿ ಎಲ್ಲಕ್ಕಿಂತ ಅಗ್ಗ: ಟಿವಿ ಪಕ್ಕದ ಆಸೆ ಬಿಟ್ಟು ಬಾರನ್ನು ಬಾತ್‌ರೂಮ್ ಗೋಡೆಯ ಬೆನ್ನಿಗೆ ತನ್ನಿ. ಬಿಸಿನೀರು, ತಣ್ಣೀರು, ಡ್ರೈನ್, ವೆಂಟ್ (ಡ್ರೈನಿಗೆ ಗಾಳಿ ಕೊಡುವ ಪೈಪು) ನಾಲ್ಕೂ ಆ ಗೋಡೆಯೊಳಗೇ ಇವೆ. ಡ್ರೈವಾಲಿನ ಒಂದು ತುಂಡು ಕತ್ತರಿಸಿದರೆ ಕೈಗೆ ಸಿಗುತ್ತವೆ. ಬೇಸಿನ್ನಿನ ಡ್ರೈನ್ 1½ ಇಂಚಿನದಿದ್ದರೆ ಸಿಂಕ್ ಸೇರುವ ಜಾಗದಿಂದ ಕೆಳಗಿನ ಪೈಪನ್ನು 2 ಇಂಚಿನದಕ್ಕೆ ಬದಲಿಸಿಕೊಳ್ಳಿ. ಟಿವಿಯನ್ನು ಸರಿಸಲು ಒಂದು ಮಧ್ಯಾಹ್ನ ಸಾಕು, ಡ್ರೈನ್ ಸರಿಸಲು ನೆಲ ಅಗೆಯಬೇಕು.

ಅದು ಆಗದು ಎಂದಾದರೆ ಮೊದಲು ಫರ್ನೇಸ್ ರೂಮಿಗೆ ಹೋಗಿ, ಮನೆಯ ಮೇನ್ ಡ್ರೈನ್ ಎಲ್ಲಿಂದ ಹೊರಗೆ ಹೋಗುತ್ತದೆ ನೋಡಿ. 3 ಅಥವಾ 4 ಇಂಚಿನ ಆ ದಪ್ಪ ಪೈಪು ನೆಲದೊಳಕ್ಕೆ ಇಳಿದಿದ್ದರೆ ನೆಲದಡಿಯ ಲೈನಿಗೆ ಸಿಂಕಿನ ನೀರು ತಾನಾಗಿ ಹರಿದು ಸೇರಬಲ್ಲದು. ಎದೆಮಟ್ಟದಲ್ಲಿ ಗೋಡೆ ತೂರಿ ಹೋಗಿದ್ದರೆ ಅದು ಓವರ್‌ಹೆಡ್ ಸೂವರ್. ಶಿಕಾಗೊ ಸುತ್ತಮುತ್ತ ಇದು ಸಾಮಾನ್ಯ. ಅಂಥ ಮನೆಯಲ್ಲಿ ಬೇಸ್‌ಮೆಂಟ್ ಬಾತ್‌ರೂಮಿನ ನೀರು ನೆಲದಡಿಯಿಂದ, ಬೋಲ್ಟ್ ಹಾಕಿ ಬಿಗಿದ ಮುಚ್ಚಳವಿರುವ ಒಂದು ಗುಂಡಿಗೆ ಬಂದು, ಎಜೆಕ್ಟರ್ ಪಂಪು ಅದನ್ನು ಮೇಲಕ್ಕೆತ್ತುತ್ತದೆ. ನಿಮ್ಮಲ್ಲಿ ಈ ಗುಂಡಿ ಇರುವ ಸಂಭವ ಹೆಚ್ಚು. ಇದ್ದರೆ ಕಾಂಕ್ರೀಟ್ ಒಡೆದು ಸಿಂಕನ್ನು ಆ ಲೈನಿಗೇ ಸೇರಿಸುವುದು ಒಳ್ಳೆಯದು. ಒಂದು ಪಂಪ್ ಆಗಲೇ ಇರುವಾಗ ಇನ್ನೊಂದನ್ನು ಸಾಕುವುದೇಕೆ?

ಒಡೆಯುವ ಕೆಲಸ ಹೆದರುವಷ್ಟು ದೊಡ್ಡದಲ್ಲ. ಸಾಮಾನ್ಯವಾಗಿ ನೆಲದ ಸ್ಲ್ಯಾಬ್ 4 ಇಂಚು ದಪ್ಪ. ನೀರು ಹಾಯಿಸುತ್ತಾ ಡೈಮಂಡ್ ಬ್ಲೇಡಿನಿಂದ ಎರಡು ಗೆರೆ ಕೊಯ್ದು, ನಡುವಿನದನ್ನು ತುಂಡು ಮಾಡಿ ಎತ್ತಬೇಕು. ಒಣಗಿದ್ದಾಗ ಕೊಯ್ದರೆ ಸಿಮೆಂಟ್ ಧೂಳು ಫರ್ನೇಸಿನ ರಿಟರ್ನ್ (ಗಾಳಿ ಹಿಂದೆಳೆಯುವ ಜಾಲರಿ) ಮೂಲಕ ಮನೆಯ ಪ್ರತಿ ಕೋಣೆಗೂ ತಲುಪುತ್ತದೆ. ಹೇಗೂ ಫರ್ನೇಸ್ ಆರಿಸಿ ರಿಟರ್ನ್‌ಗಳಿಗೆ ಪ್ಲಾಸ್ಟಿಕ್ ಅಂಟಿಸಿ. 2 ಇಂಚಿನ ಪೈಪಿಗೆ ಇಳಿಜಾರು ಅಡಿಗೆ ಕಾಲು ಇಂಚು. ಅಂದರೆ 14 ಅಡಿ ದೂರಕ್ಕೆ 3½ ಇಂಚು ಇಳಿತ. ಸೇರುವ ಲೈನು ಅಷ್ಟು ಆಳದಲ್ಲಿ ಇದೆಯೇ ಎಂದು ಆ ತುದಿಯಲ್ಲಿ ಮೊದಲು ಒಂದು ಗುಂಡಿ ತೋಡಿ ನೋಡಿಕೊಂಡು, ಆಮೇಲೆ ಪೂರ್ತಿ ಕೊಯ್ಯಿಸಿ. ಹೊರಗೋಡೆಯ ಬುಡಕ್ಕೆ ಅಂಟಿಕೊಂಡು ಅಗೆಯಬೇಡಿ. ಅಲ್ಲಿ ಗೋಡೆಯ ಫೂಟಿಂಗ್ (ಅಡಿಪಾಯದ ಪಾದ) ಇರುತ್ತದೆ, ಅದರ ಪಕ್ಕ ಅಂತರ್ಜಲವನ್ನು ಸಂಪ್‌ಗೆ (ಅದನ್ನು ಪಂಪ್ ಮಾಡಿ ಹೊರಹಾಕುವ ಗುಂಡಿಗೆ) ಒಯ್ಯುವ ಡ್ರೈನ್ ಟೈಲ್ ಎಂಬ ಕೊಳವೆ ಇರಬಹುದು. ಅದು ಒಡೆದದ್ದು ಗೊತ್ತಾಗುವುದು ಮುಂದಿನ ಮಳೆಗಾಲಕ್ಕೆ.

ಪೈಪಿಗೆ ನೀರು ತುಂಬಿಸಿ ಇನ್ಸ್‌ಪೆಕ್ಟರ್ ನೋಡಿ ಸಹಿ ಹಾಕುವವರೆಗೆ ಮುಚ್ಚಬೇಡಿ. ಮುಚ್ಚುವಾಗ ಪೈಪಿನ ಸುತ್ತ ಸಣ್ಣ ಜಲ್ಲಿ, ಅದರ ಮೇಲೆ ಹಳೆಯ ಪ್ಲಾಸ್ಟಿಕ್ ಹಾಳೆಗೆ ಟೇಪಿನಿಂದ ಸೇರಿಸಿದ ಹೊಸ ಹಾಳೆ, ಮೇಲೆ ಕಾಂಕ್ರೀಟ್. 14 ಅಡಿ ಉದ್ದ, 1 ಅಡಿ ಅಗಲ, 4 ಇಂಚು ದಪ್ಪಕ್ಕೆ ಬೇಕಾಗುವುದು ಸುಮಾರು 4.7 ಘನ ಅಡಿ. 80 ಪೌಂಡಿನ ಒಂದು ಚೀಲ 0.6 ಘನ ಅಡಿ ಕೊಡುತ್ತದೆ, ಹಾಗಾಗಿ 8 ಚೀಲ. ಹಳೆಯ ಹೊಸ ಕಾಂಕ್ರೀಟಿನ ಕೂಡುಗೆರೆಗೆ ಪಾಲಿಯುರೆಥೇನ್ ಸೀಲಂಟ್ ಕಡ್ಡಾಯವಾಗಿ ಹಾಕಿಸಿ. ಇಲಿನಾಯ್‌ನಲ್ಲಿ ಮಣ್ಣಿನಿಂದ ಏಳುವ ವಿಕಿರಣಶೀಲ ರೇಡಾನ್ ಅನಿಲದ ಕಾಟ ಇದೆ, ನೆಲದ ಸೀಳು ಅದಕ್ಕೆ ಬಾಗಿಲು. ಕೆಲಸ ಮುಗಿದ ಮೇಲೆ ಒಂದು ರೇಡಾನ್ ಕಿಟ್ ಇಟ್ಟು ನೋಡಿ. ಲೀಟರಿಗೆ 4 ಪಿಕೊಕ್ಯೂರಿ ಮುಟ್ಟಿದ್ದರೆ ಪರಿಹಾರ ಮಾಡಿಸಬೇಕು ಎನ್ನುವುದು ಅಮೆರಿಕದ ಪರಿಸರ ಸಂಸ್ಥೆಯ ಮಾತು.

ಇನ್ನು ವೆಂಟ್. ಹೆಚ್ಚಿನ ಕಂಟ್ರಾಕ್ಟರುಗಳು ಜಾರಿಕೊಳ್ಳುವುದು ಇಲ್ಲೇ. ಸಿಂಕಿನ ವೆಂಟನ್ನು ಸೀಲಿಂಗಿನಲ್ಲಿ ಕಾಣುವ ಯಾವುದೋ ಪೈಪಿಗೆ ಸಿಕ್ಕಿಸಿದರೆ ಆಗದು, ಅದು ಮೇಲಿನ ಮಹಡಿಯ ಕೊಳೆನೀರು ಇಳಿಯುವ ಪೈಪಾಗಿರಬಹುದು. ನೀರು ಹರಿಯದ, ಗಾಳಿ ಮಾತ್ರ ಆಡುವ ವೆಂಟ್ ನಿಮ್ಮ ಬಾತ್‌ರೂಮಿಗೆ ಇದ್ದೇ ಇರುತ್ತದೆ. ಅದಕ್ಕೆ ಸೇರಿಸಿಸಿ, ಸಿಂಕಿನ ಅಂಚಿಗಿಂತ ಕನಿಷ್ಠ 6 ಇಂಚು ಮೇಲೆ.

ಪಂಪ್ ಯಾವಾಗ ಸರಿ? ಎಜೆಕ್ಟರ್ ಗುಂಡಿ ಇಲ್ಲದೆ, ಮೇನ್ ಪೈಪು ಎತ್ತರದಲ್ಲಿದ್ದು, ನಿಮಗೆ ಬೇಕಿರುವುದು ಲೋಟ ತೊಳೆಯುವಷ್ಟು ಮಾತ್ರ ಎಂದಾಗ. ಸ್ಯಾನಿಫ್ಲೋ ತರಹದ ಪೆಟ್ಟಿಗೆ ಸಿಂಕ್ ಕೆಳಗೇ ಕೂರುತ್ತದೆ. ಅದರ ಪೈಪು ಮೊದಲು ನೆಟ್ಟಗೆ ಮೇಲೇರಿ ಆಮೇಲೆ ಮೇನ್ ಕಡೆಗೆ ಇಳಿಜಾರಾಗಿ ಹೋಗಬೇಕು, ಮೇನ್ ಪೈಪಿಗೆ ಮೇಲ್ಭಾಗದಿಂದ ವೈ ಜೋಡಣೆಯಲ್ಲಿ ಸೇರಬೇಕು. ನೀರು ಹಿಂದಿರುಗದಂತೆ ತಡೆಯುವ ಚೆಕ್ ವಾಲ್ವ್, ಅದರ ಮೇಲೆ ಮುಚ್ಚುವ ವಾಲ್ವ್, ಪೆಟ್ಟಿಗೆಗೆ ತನ್ನದೇ ವೆಂಟ್ ಬೇಕು. ಕರೆಂಟ್ ಹೋದರೆ ಸಿಂಕೂ ಬಂದ್. ಸಾರಿನ ಪಾತ್ರೆ, ತುಪ್ಪದ ಜಿಡ್ಡು, ದೋಸೆ ಹಿಟ್ಟು ಇದಕ್ಕೆ ಆಗಿಬರುವುದಿಲ್ಲ. ಜಿಡ್ಡು ಒಳಗೆ ನೀರಿನ ಮಟ್ಟ ಅರಿಯುವ ಭಾಗಕ್ಕೆ ಮೆತ್ತಿಕೊಂಡು ಪಂಪ್ ಆನ್ ಆಗುವುದೇ ಇಲ್ಲ, ಇಲ್ಲವೇ ಆಫ್ ಆಗದೆ ಓಡಿ ಸುಟ್ಟುಹೋಗುತ್ತದೆ.

ಪ್ರಶ್ನೆ: ಸಿಂಕಿನ ಪೈಪನ್ನು ಪಕ್ಕದಲ್ಲೇ ಇರುವ ಸಂಪ್ ಪಂಪ್ ಗುಂಡಿಗೆ ಬಿಟ್ಟರೆ ಏನಾಗುತ್ತದೆ? – ಕೊಲಂಬಸ್, ಒಹಾಯೊ

ಬಿಡಬೇಡಿ. ಸಂಪ್ ಇರುವುದು ಮಳೆನೀರು, ಅಂತರ್ಜಲಕ್ಕೆ. ಅದು ಎತ್ತಿದ ನೀರು ನಿಮ್ಮ ಹಿತ್ತಲಿಗೋ ಚರಂಡಿಗೋ ಹೋಗುತ್ತದೆ. ಸಿಂಕಿನ ನೀರನ್ನು ಹಾಗೆ ಬಿಡುವುದು ಕಾನೂನುಬಾಹಿರ. ಅದಿರಲಿ, ಆ ಗುಂಡಿಯ ಮುಚ್ಚಳ ಸಾಮಾನ್ಯವಾಗಿ ಗಾಳಿ ಹೋಗದಂತೆ ಬಿಗಿದಿರುವುದಿಲ್ಲ. ಅನ್ನದ ಅಗುಳು ಅಲ್ಲಿ ಕೊಳೆತ ವಾಸನೆ ಮೂರೇ ದಿನಕ್ಕೆ ಮಹಡಿ ಹತ್ತುತ್ತದೆ.

ಪ್ರಶ್ನೆ: ಅತ್ತೆ ಮಾವ ಪ್ರತಿ ವರ್ಷ ಆರು ತಿಂಗಳು ಬಂದಿರುತ್ತಾರೆ. ಒಗ್ಗರಣೆ, ಕರಿಯುವುದು ಎಲ್ಲ ಬೇಸ್‌ಮೆಂಟಿನಲ್ಲೇ ಆಗಲಿ ಅಂತ ಅಲ್ಲೊಂದು ಅಡುಗೆಮನೆ ಮಾಡಿಸುವ ಯೋಚನೆ. ಗ್ಯಾಸ್ ಒಲೆ ಇಡಬಹುದೇ? ಚಿಮಣಿ ಹೇಗಿರಬೇಕು? – ಎಡಿಸನ್, ನ್ಯೂಜೆರ್ಸಿ

ಮೊದಲು ಟೌನ್ ಆಫೀಸಿಗೆ. ಸಿಂಕು, ಫ್ರಿಜ್, ಮೈಕ್ರೋವೇವ್ ಇರುವವರೆಗೆ ಅದು ವೆಟ್ ಬಾರ್. ಶಾಶ್ವತವಾದ ಒಲೆ ಬಂದ ಕೂಡಲೇ ಅದು ಎರಡನೇ ಅಡುಗೆಮನೆ, ಮತ್ತು ಎರಡನೇ ಅಡುಗೆಮನೆ ಕಂಡರೆ ಝೋನಿಂಗ್‌ನವರಿಗೆ (ಜಾಗದ ಬಳಕೆ ನಿಯಂತ್ರಿಸುವವರಿಗೆ) ಬಾಡಿಗೆ ಮನೆಯ ಗುಮಾನಿ. ಕೆಲವು ಟೌನ್‌ಗಳು ಸುತರಾಂ ಒಪ್ಪುವುದಿಲ್ಲ, ಕೆಲವು ಬಾಡಿಗೆಗೆ ಕೊಡುವುದಿಲ್ಲವೆಂದು ಬರೆಸಿಕೊಂಡು ಒಪ್ಪುತ್ತವೆ. ಪ್ಲಂಬಿಂಗ್, ಎಲೆಕ್ಟ್ರಿಕಲ್ ಪರ್ಮಿಟ್ ಹೇಗೂ ಬೇಕು. ಪರ್ಮಿಟ್ಟಿನಲ್ಲಿ ವೆಟ್ ಬಾರ್ ಎಂದು ಬರೆಸಿ, ಇನ್ಸ್‌ಪೆಕ್ಷನ್ ಮುಗಿದ ಮೇಲೆ ಒಲೆ ತಂದಿಡುವ ಉಪಾಯವನ್ನು ಸ್ನೇಹಿತರು ಹೇಳಿಯೇ ಹೇಳುತ್ತಾರೆ. ಮನೆ ಮಾರುವಾಗ, ಇಲ್ಲವೇ ಬೆಂಕಿ ಬಿದ್ದು ಇನ್ಶೂರೆನ್ಸ್ ಕೇಳುವಾಗ, ಆ ಉಪಾಯಕ್ಕೆ ಉತ್ತರ ಕೊಡಬೇಕಾದವರು ನೀವು.

ಗ್ಯಾಸ್ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಪ್ರೊಪೇನ್ ಸಿಲಿಂಡರನ್ನು ಒಳಗೆ ತರುವ ಮಾತಂತೂ ಬೇಡವೇ ಬೇಡ. ಆ ಅನಿಲ ಗಾಳಿಗಿಂತ ಭಾರ, ಸೋರಿದರೆ ಬೇಸ್‌ಮೆಂಟಿನ ನೆಲದಲ್ಲೇ ಹರಡಿ ನಿಲ್ಲುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಇಂಡಕ್ಷನ್ ಒಲೆ ಹಾಕಿಸಿ. ಅತ್ತೆಯವರಿಗೆ ರೂಢಿಯಾಗಲು ವಾರ ಹಿಡಿಯಬಹುದು. ತಳ ಸಪಾಟಾಗಿರುವ, ಅಯಸ್ಕಾಂತ ಅಂಟುವ ಬಾಣಲೆ, ಕುಕ್ಕರ್ ಮಾತ್ರ ಅದರ ಮೇಲೆ ನಡೆಯುತ್ತವೆ. ಊರಿನಿಂದ ತಂದ ಅಲ್ಯೂಮಿನಿಯಂ ಪಾತ್ರೆಗಳು ಕಾಯುವುದೇ ಇಲ್ಲ.

ಚಿಮಣಿ ಹೊರಗೆ ಬಿಡುವಂಥದೇ ಆಗಬೇಕು. ಇದ್ದಿಲು ಫಿಲ್ಟರಿನ, ಗಾಳಿಯನ್ನು ಸೋಸಿ ಒಳಗೇ ಬಿಡುವ ಹುಡ್ ಸಾಸಿವೆ ಇಂಗಿನ ಹೊಗೆಗೆ ಸಾಲದು. ಎಣ್ಣೆಯ ಸೂಕ್ಷ್ಮ ಹನಿಗಳು ಇದ್ದಿಲಿಗೆ ಮೆತ್ತಿದ ಮೇಲೆ ಅದು ಬರೀ ಸದ್ದು ಮಾಡುತ್ತದೆ. 6 ಇಂಚಿನ, ಒಳಮೈ ನುಣುಪಾದ ತಗಡಿನ ಡಕ್ಟ್ ಹಾಕಿ ರಿಮ್ ಜಾಯ್ಸ್ಟ್ (ಫೌಂಡೇಶನ್ ಮೇಲಿನ ಅಂಚಿನ ತೊಲೆ) ತೂರಿಸಿ ಹೊರತನ್ನಿ. ಸುರುಳಿ ಸುರುಳಿಯಾದ ಬಗ್ಗುವ ಡಕ್ಟಿನ ಮಡಿಕೆಗಳಲ್ಲಿ ಜಿಡ್ಡು ನಿಂತು ಬೆಂಕಿಗೆ ಕಾರಣವಾಗುತ್ತದೆ. ಪ್ರತಿ 90 ಡಿಗ್ರಿ ತಿರುವೂ 10–15 ಅಡಿ ನೇರ ಡಕ್ಟಿನಷ್ಟು ತಡೆ ಒಡ್ಡುತ್ತದೆ, ಹಾಗಾಗಿ ತಿರುವು ಎರಡಕ್ಕೆ ಮೀರದಿರಲಿ. ಹೊರಬಾಯಿ ತೆರೆಯುವ ಕಿಟಕಿಗಳಿಂದ ಕನಿಷ್ಠ 3 ಅಡಿ ದೂರ. ಸೀಲಿಂಗಿನ ಐ-ಜಾಯ್ಸ್ಟ್‌ಗಳ (I ಆಕಾರದ ಮರದ ತೊಲೆಗಳ) ಮೇಲಿನ ಕೆಳಗಿನ ಪಟ್ಟಿಗಳನ್ನು ಯಾರೂ ಕಡಿಯದಂತೆ ನೋಡಿಕೊಳ್ಳಿ. ಫರ್ನೇಸಿನ ರಿಟರ್ನ್ ಗ್ರಿಲ್ ಒಲೆಯಿಂದ 10 ಅಡಿಯ ಒಳಗಿದ್ದರೆ ಅದನ್ನು ಮುಚ್ಚಿಸಿ ಬೇರೆಡೆ ಮಾಡಿಸಿ. ಇಲ್ಲದಿದ್ದರೆ ಕೆಳಗೆ ಹಾಕಿದ ಒಗ್ಗರಣೆ ಮೇಲಿನ ಬೆಡ್‌ರೂಮಿನ ಬಟ್ಟೆಗೂ ಹತ್ತುತ್ತದೆ, ಬೇಸ್‌ಮೆಂಟಿಗೆ ಹೋದ ಉದ್ದೇಶವೇ ವ್ಯರ್ಥ.

ಇದಕ್ಕಿಂತ ಮುಖ್ಯವಾದದ್ದೊಂದಿದೆ. ಬೇಸ್‌ಮೆಂಟಿನಲ್ಲೇ ಗ್ಯಾಸ್ ವಾಟರ್ ಹೀಟರ್, ಫರ್ನೇಸ್ ಇರುತ್ತವೆ. ಹಳೆಯ ಮಾದರಿಯವು ತಮ್ಮ ಹೊಗೆಯನ್ನು ಬರೀ ಬಿಸಿಗಾಳಿಯ ಏರುವಿಕೆಯಿಂದ ಕೊಳವೆಗೆ ಕಳಿಸುತ್ತವೆ. ಜೋರಿನ ಚಿಮಣಿ ಓಡಿದರೆ ಕೋಣೆಯ ಗಾಳಿ ಹೊರಗೆ ಎಳೆದುಹೋಗಿ, ಅದರ ಜಾಗ ತುಂಬಲು ಹೀಟರಿನ ಹೊಗೆಯೇ ಹಿಂದಿರುಗಿ ಒಳಗೆ ಬರುತ್ತದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಇಂಥ ಮನೆಯಲ್ಲಿ ನಿಮಿಷಕ್ಕೆ 400 ಘನ ಅಡಿ ಮೀರಿದ ಚಿಮಣಿಗೆ ಹೊರಗಿನ ಗಾಳಿ ಒಳತರುವ ವ್ಯವಸ್ಥೆ ಬೇಕೆನ್ನುತ್ತದೆ ಕೋಡ್. ಚಿಕ್ಕ ಚಿಮಣಿಯಾದರೂ ಒಂದು ಪರೀಕ್ಷೆ ಮಾಡಿ. ಕಿಟಕಿ ಬಾಗಿಲು ಮುಚ್ಚಿ, ಚಿಮಣಿ, ಬಟ್ಟೆಯ ಡ್ರೈಯರ್, ಬಾತ್‌ರೂಮ್ ಫ್ಯಾನುಗಳನ್ನೆಲ್ಲ ಹಚ್ಚಿ, ಬಿಸಿನೀರು ಬಿಟ್ಟು ಹೀಟರ್ ಉರಿಯುವಂತೆ ಮಾಡಿ. ಐದು ನಿಮಿಷದ ಮೇಲೆ ಹೀಟರಿನ ತಲೆಯ ಮೇಲಿರುವ ತಗಡಿನ ಟೋಪಿಯ ಅಂಚಿಗೆ ಊದಿನಕಡ್ಡಿ ಹಿಡಿಯಿರಿ. ಹೊಗೆ ಟೋಪಿಯೊಳಕ್ಕೆ ಸೆಳೆದುಕೊಂಡರೆ ಸರಿ. ಹೊರಕ್ಕೆ ಚೆದುರಿದರೆ ಚಿಮಣಿ ಆರಿಸಿ, ಎಚ್‌ವಿಎಸಿಯವರನ್ನು (ಹೀಟಿಂಗ್, ಕೂಲಿಂಗ್ ಕೆಲಸದವರನ್ನು) ಕರೆಸಿ. ಹೀಟರಿನಿಂದ ಬಿಳಿ ಪ್ಲಾಸ್ಟಿಕ್ ಪೈಪು ಎರಡು ನೇರ ಹೊರಗೆ ಹೋಗಿದ್ದರೆ ಅದು ಹೊರಗಿನ ಗಾಳಿಯನ್ನೇ ಉಪಯೋಗಿಸುವ ಮಾದರಿ, ಈ ಭಯ ಕಡಿಮೆ. ಮೊನಾಕ್ಸೈಡ್ ಅಲಾರಂ ಎರಡೂ ಸಂದರ್ಭದಲ್ಲಿ ಇರಲಿ.

ಪ್ರಶ್ನೆ: ಕೌಂಟರಿನ ಮೇಲೆ ಇಂಡಕ್ಷನ್, ಮೈಕ್ರೋವೇವ್, ಗ್ರೈಂಡರ್ ಇಟ್ಟಿದ್ದೇವೆ. ಎರಡು ಒಟ್ಟಿಗೆ ಹಚ್ಚಿದರೆ ಬೇಸ್‌ಮೆಂಟಿನ ಲೈಟು ಸಮೇತ ಎಲ್ಲ ಆರಿಹೋಗುತ್ತದೆ. – ಆಲ್ಫರೆಟಾ, ಜಾರ್ಜಿಯಾ

ಬೇಸ್‌ಮೆಂಟ್ ಫಿನಿಶ್ ಮಾಡಿದವರು ಲೈಟು, ಪ್ಲಗ್ ಎಲ್ಲವನ್ನೂ ಒಂದೇ 15 ಆಂಪ್ ಸರ್ಕಿಟ್ಟಿಗೆ ಕಟ್ಟಿದ್ದಾರೆ. 120 ವೋಲ್ಟಿನಲ್ಲಿ 15 ಆಂಪ್ ಅಂದರೆ 1800 ವಾಟ್. ಕೌಂಟರ್ ಮೇಲಿಡುವ ಇಂಡಕ್ಷನ್ ಒಂದೇ ಅಷ್ಟು ಎಳೆಯುತ್ತದೆ. ಮೈಕ್ರೋವೇವ್ 1500 ವಾಟ್ ಆಸುಪಾಸು. ಬ್ರೇಕರ್ ಆರುತ್ತಿರುವುದು ಅದರ ಕರ್ತವ್ಯ. ಬ್ರೇಕರ್ ಮಾತ್ರ ಬದಲಿಸಿ 20 ಆಂಪಿನದು ಹಾಕಿ ಅನ್ನುವವರ ಮಾತು ಕೇಳಬೇಡಿ. ಗೋಡೆಯೊಳಗಿನ 14 ಗೇಜ್ ತಂತಿ 15 ಆಂಪಿಗಷ್ಟೇ. ದೊಡ್ಡ ಬ್ರೇಕರ್ ಹಾಕಿದರೆ ಆರುವುದು ನಿಲ್ಲುತ್ತದೆ, ತಂತಿ ಗೋಡೆಯೊಳಗೇ ಕಾಯುತ್ತದೆ.

ಪ್ಯಾನೆಲ್ಲಿನಿಂದ 12 ಗೇಜ್ ತಂತಿಯಲ್ಲಿ 20 ಆಂಪಿನ ಹೊಸ ಸರ್ಕಿಟ್ಟುಗಳನ್ನು ಎಳೆಸಿ. ಇಂಡಕ್ಷನ್ನಿಗೆ ಒಂದು, ಮೈಕ್ರೋವೇವಿಗೆ ಒಂದು, ಗ್ರೈಂಡರ್ ಮಿಕ್ಸಿ ಇತ್ಯಾದಿಗೆ ಒಂದು. ಫ್ರಿಜ್ಜಿಗೆ ಬೇರೆಯೇ ಇದ್ದರೆ ಒಳ್ಳೆಯದು, ಗ್ರೈಂಡರ್ ಕೈಕೊಟ್ಟಾಗ ಹಾಲು ಹಾಳಾಗಬಾರದು. ಸಿಂಕಿನಿಂದ 6 ಅಡಿಯೊಳಗಿನ ಪ್ಲಗ್‌ಗಳಿಗೆ ಜಿಎಫ್‌ಸಿಐ (ಕರೆಂಟ್ ಸೋರಿದರೆ ತಕ್ಷಣ ಆರಿಸುವ ರಕ್ಷಣೆ) ಕಡ್ಡಾಯ. 2020ರ ಎಲೆಕ್ಟ್ರಿಕ್ ಕೋಡ್‌ನಿಂದೀಚೆಗೆ ಫಿನಿಶ್ ಆದ ಬೇಸ್‌ಮೆಂಟಿನ ಪ್ಲಗ್‌ಗಳಿಗೂ ಅದು ಬೇಕು. ಶಿಕಾಗೊ ಕಡೆಯ ಓದುಗರಿಗೆ ಒಂದು ಮಾತು: ಅಲ್ಲಿ ಬಹಳ ಊರುಗಳಲ್ಲಿ ತಂತಿಯನ್ನು ಲೋಹದ ಕೊಳವೆಯಲ್ಲೇ ಒಯ್ಯಬೇಕು, ಕೂಲಿ ಅದಕ್ಕೆ ತಕ್ಕಂತೆ ಹೆಚ್ಚು.

ಗ್ರೈಂಡರನ್ನು ಊರಿನಿಂದ ತಂದು ಟ್ರಾನ್ಸ್‌ಫಾರ್ಮರ್ ಹಚ್ಚಿ ಓಡಿಸುವುದಾದರೆ, ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಿಸುತ್ತದೆ, 60 ಹರ್ಟ್ಸನ್ನು 50 ಮಾಡುವುದಿಲ್ಲ. ಕಲ್ಲು ಐದರಲ್ಲೊಂದು ಪಾಲು ಜೋರಾಗಿ ತಿರುಗಿ ಉದ್ದಿನಹಿಟ್ಟು ಬೇಗ ಬಿಸಿಯಾಗುತ್ತದೆ. 110 ವೋಲ್ಟಿನ ಗ್ರೈಂಡರ್ ಅಲ್ಲೇ ಸಿಗುತ್ತದೆ.

ಪ್ರಶ್ನೆ: ಹೋದ ವರ್ಷ ಮಾಡಿಸಿದ ಬಾರ್ ಸಿಂಕ್ ನೀರು ಬಿಟ್ಟಾಗ ಗೊಳಗೊಳ ಸದ್ದು ಮಾಡುತ್ತದೆ. ಆಗಾಗ ಚರಂಡಿ ವಾಸನೆ. – ಆಶ್‌ಬರ್ನ್, ವರ್ಜೀನಿಯಾ

ಕ್ಯಾಬಿನೆಟ್ ಬಾಗಿಲು ತೆರೆದು ಪೈಪಿನ ಆಕಾರ ನೋಡಿ. ಬಾಗಿದ ಟ್ರ್ಯಾಪ್ ಆದಮೇಲೆ ಪೈಪು ಅಡ್ಡಲಾಗಿ ಗೋಡೆಗೆ ಹೋಗಿದ್ದರೆ ಸರಿ. ಬಾಗಿದ ಕೂಡಲೇ ಕೆಳಗಿಳಿದು ನೆಲ ಹೊಕ್ಕಿದ್ದರೆ ಅದು ಎಸ್-ಟ್ರ್ಯಾಪ್, ದೋಷವೇ ಅದು. ಸಿಂಕ್ ಖಾಲಿಯಾಗುವಾಗ ಇಳಿಯುವ ನೀರು ತನ್ನ ಹಿಂದೆ ಟ್ರ್ಯಾಪಿನ ನೀರನ್ನೂ ಎಳೆದೊಯ್ಯುತ್ತದೆ, ಆ ಸೆಳೆತವೇ ಗೊಳಗೊಳ. ವಾಸನೆ ತಡೆಯಲು ನಿಲ್ಲಬೇಕಿದ್ದ ನೀರು ಇಲ್ಲದಾಯಿತು, ಗಾಳಿ ಮೇಲೆ ಬಂತು. ನೆಲದಿಂದ ಬಂದ ಪೈಪನ್ನು ಕ್ಯಾಬಿನೆಟ್ಟಿನಲ್ಲಿ ಮೇಲಕ್ಕೆ ಬೆಳೆಸಿ, ಸ್ಯಾನಿಟರಿ ಟೀ (T ಆಕಾರದ ಜೋಡಣೆ) ಕೂರಿಸಿ, ಟ್ರ್ಯಾಪನ್ನು ಅದಕ್ಕೆ ಅಡ್ಡಲಾಗಿ ಸೇರಿಸಿ, ಟೀಯ ತಲೆಗೆ ಏರ್ ಅಡ್ಮಿಟೆನ್ಸ್ ವಾಲ್ವ್ (ಗಾಳಿ ಒಳಬಿಟ್ಟು ವಾಸನೆ ತಡೆಯುವ ವಾಲ್ವ್) ತಿರುಗಿಸಿ ಕೂರಿಸಿದರೆ ಮುಗಿಯಿತು. ವಾಲ್ವ್ ಆ ಅಡ್ಡ ಪೈಪಿಗಿಂತ ಕನಿಷ್ಠ 4 ಇಂಚು ಮೇಲಿರಬೇಕು, ಕೈಗೆ ಸಿಗುವಂತಿರಬೇಕು. ಈ ವಾಲ್ವನ್ನು ಎಲ್ಲ ಊರೂ ಒಪ್ಪುವುದಿಲ್ಲ, ಕೇಳಿಕೊಳ್ಳಿ.

ವಾಲ್ವ್ ಆಗಲೇ ಇದ್ದರೆ ಅದು ಅಂಟಿಕೊಂಡಿರಬಹುದು. ಕೈಯಲ್ಲೇ ತಿರುಗಿಸಿ ಬಿಚ್ಚಿ, ಅದಿಲ್ಲದೆ ನೀರು ಬಿಟ್ಟು ನೋಡಿ. ಸದ್ದು ನಿಂತರೆ ಹೊಸದು ಹಾಕಿ. ಸದ್ದೇ ಇಲ್ಲದೆ ವಾಸನೆ ಮಾತ್ರ ಬರುವ ಮನೆಗಳಲ್ಲಿ ಕಾರಣ ಸಾಮಾನ್ಯವಾಗಿ ಇಷ್ಟೇ: ಸಿಂಕನ್ನು ಯಾರೂ ಬಳಸದೆ ಟ್ರ್ಯಾಪ್ ಒಣಗಿರುತ್ತದೆ. ಒಂದು ಚೊಂಬು ನೀರು ಸುರಿಯಿರಿ. ಊರಿಗೆ ಹೊರಡುವಾಗ ಅದರ ಮೇಲೆ ಎರಡು ಚಮಚ ಮಿನರಲ್ ಆಯಿಲ್ ಬಿಟ್ಟರೆ ಆವಿಯಾಗುವುದು ನಿಧಾನವಾಗುತ್ತದೆ.

ಪ್ರಶ್ನೆ: ಬೇಸ್‌ಮೆಂಟಿನಲ್ಲಿ ಅಡುಗೆಮನೆ ಮಾಡಿ ವಿದ್ಯಾರ್ಥಿಗಳಿಗೆ ಬಾಡಿಗೆ ಕೊಡಬೇಕೆಂದಿದ್ದೇವೆ. – ಬ್ರಾಂಪ್ಟನ್, ಒಂಟಾರಿಯೊ

ಹಾಗಾದರೆ ಅದು ಎರಡನೇ ಮನೆ. ಬಿಲ್ಡಿಂಗ್ ಪರ್ಮಿಟ್ ಜೊತೆಗೆ ಸಿಟಿಯಲ್ಲಿ ನೋಂದಣಿ, ಎಲೆಕ್ಟ್ರಿಕಲ್ ಸೇಫ್ಟಿ ಅಥಾರಿಟಿಯ ತಪಾಸಣೆ, ಮೇಲಿನ ಮನೆಯಿಂದ ಬೆಂಕಿ ತಡೆಯುವ ಬೇರ್ಪಡಿಕೆ, ಹೊಗೆ ಅಲಾರಂ ಎಲ್ಲ ಬರುತ್ತದೆ. ಮಲಗುವ ಕೋಣೆಯಿಂದ ತಪ್ಪಿಸಿಕೊಳ್ಳುವ ಕಿಟಕಿಯನ್ನು ಮೊದಲೇ ಅಳೆಯಿರಿ: ತೆರೆದ ಜಾಗ 0.35 ಚದರ ಮೀಟರಿಗೆ ಕಡಿಮೆಯಿರಬಾರದು, ಯಾವ ಬದಿಯೂ 380 ಮಿಲಿಮೀಟರಿಗೆ ಕಡಿಮೆಯಿರಬಾರದು. ಅಷ್ಟಿಲ್ಲದಿದ್ದರೆ ಫೌಂಡೇಶನ್ ಕೊಯ್ಯಬೇಕಾದೀತು. ಸಿಂಕ್, ಕ್ಯಾಬಿನೆಟ್ ಆರಿಸುವ ಮುನ್ನ ಆ ಖರ್ಚು ಗೊತ್ತಿರಲಿ.

ಪ್ರಶ್ನೆ: ಸಿಂಕು, ಫ್ರಿಜ್, ಕ್ಯಾಬಿನೆಟ್ ಕೊಳ್ಳುವಾಗ ಏನು ನೋಡಬೇಕು? – ರಾಚೆಸ್ಟರ್, ಮಿನ್ನೆಸೋಟ

15 ಇಂಚಿನ ಬಾರ್ ಸಿಂಕ್ ಅಂಗಡಿಯಲ್ಲಿ ಮುದ್ದಾಗಿ ಕಾಣುತ್ತದೆ, ಅದರಲ್ಲಿ 5 ಲೀಟರ್ ಕುಕ್ಕರ್ ತಿರುಗಿಸಲೂ ಆಗದು. ಅದರ ಡ್ರೈನ್ ತೂತು ಸಾಮಾನ್ಯವಾಗಿ 2 ಇಂಚಿನದು, ಮುಂದೆ ಡಿಸ್ಪೋಸರ್ (ಅಡುಗೆ ಕಸ ಅರೆಯುವ ಯಂತ್ರ) ಹಾಕೋಣವೆಂದರೆ ಕೂರುವುದಿಲ್ಲ. ಡಿಸ್ಪೋಸರಿಗೆ ಬೇಕಾದದ್ದು 3½ ಇಂಚು. ಪಾತ್ರೆ ತೊಳೆಯುವುದಿದ್ದರೆ 21–24 ಇಂಚಿನ ಒಂದೇ ತೊಟ್ಟಿಯ ಸಿಂಕ್ ತೆಗೆದುಕೊಳ್ಳಿ.

ಕೌಂಟರ್ ಕೆಳಗೆ ಕೂರಿಸುವ ಫ್ರಿಜ್ ಬಿಸಿಗಾಳಿಯನ್ನು ಮುಂದಿನಿಂದ ಬಿಡುವಂಥದಾಗಿರಲಿ. ಬಿಡಿಯಾಗಿ ನಿಲ್ಲುವ ಅಗ್ಗದ ಫ್ರಿಜ್ಜನ್ನು ಕ್ಯಾಬಿನೆಟ್ಟಿನೊಳಗೆ ತುರುಕಿದರೆ ಹಿಂದಿನ ಬಿಸಿ ಹೊರಹೋಗದೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಬೇಗ ಸಾಯುತ್ತದೆ.

ಕ್ಯಾಬಿನೆಟ್ ಪೆಟ್ಟಿಗೆ ಪ್ಲೈವುಡ್ಡಿನದಾಗಲಿ. ಪಾರ್ಟಿಕಲ್ ಬೋರ್ಡ್ ಒಮ್ಮೆ ನೀರು ಕುಡಿದರೆ ಉಬ್ಬಿ ಪುಡಿಯಾಗುತ್ತದೆ. ನೆಲಕ್ಕೆ ಕ್ಲಿಕ್ ಮಾಡಿ ಜೋಡಿಸಿದ ವಿನೈಲ್ ಹಲಗೆ ಇದ್ದರೆ ಕ್ಯಾಬಿನೆಟ್ ಕೂರುವ ಜಾಗದಲ್ಲಿ ಅದನ್ನು ಕತ್ತರಿಸಿ ತೆಗೆಸಿ. ಮೇಲೆ ಭಾರ ಕೂತರೆ ಹಲಗೆಗಳು ಹಿಗ್ಗಲಾಗದೆ ಇನ್ನೊಂದು ಕಡೆ ಎದ್ದು ನಿಲ್ಲುತ್ತವೆ. ನಿಮ್ಮ ಮಿನ್ನೆಸೋಟ ಚಳಿಗೆ ನೀರಿನ ಪೈಪು ಹೊರಗೋಡೆಯೊಳಗೆ ಹೋಗಕೂಡದು. ಅರ್ಧ ಇಂಚಿನ ಪೆಕ್ಸ್ (ಬಗ್ಗುವ ಪ್ಲಾಸ್ಟಿಕ್) ಪೈಪನ್ನು ಒಳಗೋಡೆಯಲ್ಲೋ ಕ್ಯಾಬಿನೆಟ್ಟಿನ ಹಿಂಬದಿಯಲ್ಲೋ ತಂದು, ಬಿಸಿಗೆ ತಣ್ಣಗೆ ಬೇರೆ ಬೇರೆ ಶಟ್-ಆಫ್ ವಾಲ್ವ್ ಇಡಿಸಿ. ಸಿಂಕ್ ಕೆಳಗೊಂದು ಬ್ಯಾಟರಿಯ ನೀರು ಸೋರಿಕೆ ಅಲಾರಂ ಇಡಿ. ದಿನಾ ಕಣ್ಣಿಗೆ ಬೀಳದ ಸಿಂಕಿನಲ್ಲಿ ಸಣ್ಣ ಸೋರಿಕೆ ತಿಂಗಳುಗಟ್ಟಲೆ ನಡೆದಿರುತ್ತದೆ.